ವಂದನೆಯಿಂದ ಶುರುಮಾಡಿ ಎಂದು ಕಲಿಸಿದವರಿಗೆ

ಸಾರ್ವಜನಿಕ ಆರೋಗ್ಯ ಸಮಿತಿಯ ಮಾನ್ಯ ಅಧ್ಯಕ್ಷರೇ,

ಈ ಪತ್ರ ವಂದನೆಯಿಂದ ಶುರುವಾಗುವುದಿಲ್ಲ. ಹೋದ ಸಲ ಹಾಗೆ ಶುರುಮಾಡಿದ್ದಕ್ಕೆ ನಮ್ಮ ಶಾಲೆಯ ನರ್ಸಮ್ಮನನ್ನು ಕಳೆದುಕೊಂಡೆವು. ನಮ್ಮ ಬಡಾವಣೆಯ ಸರ್ಕಾರಿ ಶಾಲೆಯಲ್ಲಿದ್ದ ನರ್ಸ್ ಹುದ್ದೆಯನ್ನು ನಿಮ್ಮ ಸಮಿತಿ ತೆಗೆದುಹಾಕಿದೆ. ತುಂಬಿದ ಸಭೆಯಲ್ಲಿ ಅದಕ್ಕೆ ನೀವು ಕೊಟ್ಟ ಕಾರಣ, ‘ಅಲ್ಲಿನ ಫಲಾನುಭವಿಗಳು ಸಂತೃಪ್ತರಾಗಿದ್ದಾರೆ, ಅವರೇ ಬಂದು ಧನ್ಯವಾದ ಹೇಳಿ ಹೋಗಿದ್ದಾರೆ’ ಎಂಬುದು. ಆ ಸಂತೃಪ್ತ ಫಲಾನುಭವಿ ನಾನೇ. ನನ್ನನ್ನು ಒಂದು ಮಾತೂ ಕೇಳದೆ ನನ್ನ ತೃಪ್ತಿಯನ್ನು ಊರಿಗೆಲ್ಲ ಸಾರಿದ್ದೀರಿ. ನನ್ನ ಅತೃಪ್ತಿಯನ್ನು ಸಾರುವವರು ಯಾರೂ ಇಲ್ಲದ್ದರಿಂದ ಆ ಕೆಲಸ ನಾನೇ ಮಾಡಿಕೊಳ್ಳುತ್ತಿದ್ದೇನೆ. ಕೊನೆಯ ತನಕ ಓದಿ.

ನಗರದ ದೊಡ್ಡ ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಪ್ರಕಟಣೆ ಹೇಳುವುದು ನನ್ನ ಕೆಲಸ. ಬಸ್ಸನ್ನು ತಡ ಮಾಡಿದವರು ಯಾರೋ, ‘ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಂದು ವಿಷಾದಿಸುವವಳು ನಾನು. ಇಷ್ಟು ವರ್ಷ ಮಾಡದ ತಪ್ಪಿಗೆಲ್ಲ ವಿಷಾದಿಸಿ ಅಭ್ಯಾಸವಾಗಿರುವ ನನಗೆ, ಮಾಡಿದ ತಪ್ಪಿಗೂ ವಿಷಾದಿಸದವರನ್ನು ಕಂಡರೆ ಒಂದು ಬಗೆಯ ಬೆರಗು. ನೀವು ಸರ್ಕಾರಿ ಕಾರಿನಲ್ಲಿ ಓಡಾಡುವವರು, ನನ್ನ ದನಿ ನಿಮ್ಮ ಕಿವಿಗೆ ಬೀಳುವ ಪ್ರಸಂಗವೇ ಇರಲಿಲ್ಲ. ಈಗ ನೋಡಿ, ನಿಮ್ಮ ಕಚೇರಿಯ ಮೊಗಸಾಲೆಯ ಟಿ.ವಿ.ಯಲ್ಲಿ ದಿನವಿಡೀ ಅದೇ ದನಿ ಸುತ್ತುತ್ತಿದೆಯಂತೆ.

ನನಗೆ ಒಬ್ಬಳೇ ಮಗಳು, ನಾಲ್ಕನೇ ತರಗತಿ. ಅವಳಿಗೆ ಚಿಕ್ಕಂದಿನಿಂದ ಉಬ್ಬಸ. ಶಾಲೆಯ ಒಂದು ಬದಿಗೆ ಮರ ಕೊಯ್ಯುವ ಮಿಲ್ಲು, ಇನ್ನೊಂದು ಬದಿಗೆ ಬಸ್ ಡಿಪೋ. ಗಾಳಿ ಆ ಕಡೆಯಿಂದ ಬೀಸಿದರೆ ಮರದ ಪುಡಿ, ಈ ಕಡೆಯಿಂದ ಬೀಸಿದರೆ ಹೊಗೆ, ಬೀಸದೇ ಇದ್ದರೆ ಎರಡೂ. ಶಾಲೆಯನ್ನು ಅಲ್ಲಿ ಯಾಕೆ ಕಟ್ಟಿದಿರಿ ಎಂದು ನಾನು ಕೇಳುವುದಿಲ್ಲ. ಕಟ್ಟಿದವರು ಹಿಂದಿನವರು, ಮತ್ತು ಎಲ್ಲ ತಪ್ಪೂ ಹಿಂದಿನವರದೇ ಎಂಬುದು ನಿಮ್ಮ ಕಟ್ಟಡದಲ್ಲಿ ತಿದ್ದುಪಡಿಯಾಗದ ಏಕೈಕ ನಿಯಮ. ಆದರೆ ಆ ಶಾಲೆಯಲ್ಲಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನರ್ಸಮ್ಮ ಇದ್ದರು. ಸೂರು ಇಳಿಜಾರಾಗಿದ್ದರಿಂದ ನೆಟ್ಟಗೆ ನಿಂತರೆ ಅವರ ತಲೆಗೆ ತಾಗುತ್ತಿತ್ತು, ಹಾಗಾಗಿ ಯಾವಾಗಲೂ ಬಗ್ಗಿಯೇ ಮಕ್ಕಳನ್ನು ಮಾತಾಡಿಸುತ್ತಿದ್ದರು. ಉಬ್ಬಸದ ಮಕ್ಕಳು ಬೆಳಿಗ್ಗೆ ಅವರ ಮುಂದೆ ಒಂದು ಪ್ಲಾಸ್ಟಿಕ್ ಕೊಳವೆ ಊದಬೇಕು. ಅದರ ಮುಳ್ಳು ಎಷ್ಟು ಮೇಲೆ ಹೋಯಿತು ಎಂದು ನೋಡಿ, ‘ನೀನು ಆಟಕ್ಕೆ ಹೋಗು’, ‘ನೀನು ಇವತ್ತು ನನ್ನ ಹತ್ರ ಕೂತ್ಕೊಂಡು ಚಿತ್ರ ಬರಿ’ ಎಂದು ತೀರ್ಪು. ಶಾಲೆಗೆ ಸೇರಿದ ಮೇಲೆ ನನ್ನ ಮಗಳು ಒಂದು ಸಲವೂ ಆಸ್ಪತ್ರೆ ಸೇರಲಿಲ್ಲ. ನಿಮ್ಮ ದೃಷ್ಟಿಯಲ್ಲಿ ನಮ್ಮ ಅಪರಾಧ ಅದೇ.

ಶಾಲಾ ನರ್ಸುಗಳ ‘ಮರುಹೊಂದಾಣಿಕೆ’ ಆಗಲಿದೆ ಎಂಬ ಸುದ್ದಿ ಬಂದ ಹೊತ್ತಿಗೇ ಆರೋಗ್ಯ ವಿಜ್ಞಾನ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಇಂಟರ್ನ್‌ಶಿಪ್‌ಗೆಂದು ನಮ್ಮ ಬಡಾವಣೆಗೆ ಬಂದರು. ಬಿಳಿ ಕೋಟು, ಕೊರಳಲ್ಲಿ ಗುರುತಿನ ಚೀಟಿ, ಬೆನ್ನಿಗೆ ಚೀಲ. ಮುಂದಾಳು ಒಬ್ಬ ದಪ್ಪ ಕನ್ನಡಕದ ಹುಡುಗಿ. ಜೊತೆಗೊಬ್ಬ ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಹುಡುಗ, ನಮ್ಮ ಅತ್ತೆ ಅವನಿಗೆ ಮೊದಲ ದಿನವೇ ‘ಕಂಬ’, ಅವಳಿಗೆ ‘ಕನ್ನಡಕ’ ಎಂದು ಹೆಸರಿಟ್ಟರು. ಸರ್ಕಾರ ಹೇಗೆ ನಡೆಯುತ್ತದೆ, ಜನರ ಆರೋಗ್ಯದ ಪರವಾಗಿ ಸರ್ಕಾರದ ಮುಂದೆ ಹೇಗೆ ವಾದಿಸಬೇಕು ಎಂಬುದು ಅವರ ಆ ಅವಧಿಯ ಪಾಠ. ಪುಸ್ತಕದಲ್ಲಿ ಓದಿದ್ದು ಸಾಲದು, ಒಂದು ನಿಜವಾದ ಬೇಡಿಕೆಯನ್ನು ಹಿಡಿದುಕೊಂಡು ನಿಜವಾದ ಅಧಿಕಾರಿಯ ಬಾಗಿಲು ತಟ್ಟಬೇಕು. ಅವರು ಹಿಡಿದುಕೊಂಡದ್ದು ನಮ್ಮ ನರ್ಸಮ್ಮನ ಹುದ್ದೆಯನ್ನು. ಮನೆಮನೆ ತಿರುಗಿ, ತಾಯಂದಿರ ಮಾತು ಕೇಳಿ, ಕೊನೆಗೆ ಸಮಿತಿಯ ಮುಂದೆ ಮಾತಾಡಲು ನನ್ನನ್ನು ಆರಿಸಿದರು. ಕಾರಣವೇನೂ ದೊಡ್ಡದಲ್ಲ. “ಆಂಟಿ, ನಿಮ್ಮ ವಾಯ್ಸ್ ತುಂಬಾ ಸ್ಪಷ್ಟವಾಗಿದೆ” ಎಂದಳು ಕನ್ನಡಕ.

ಈಗ ನಿಮ್ಮ ಪಾಠದ ವಿಷಯಕ್ಕೆ ಬರುತ್ತೇನೆ. ಆ ಮಕ್ಕಳ ಕಾಲೇಜಿಗೆ ಮುಖ್ಯ ಅತಿಥಿಯಾಗಿ ಹೋಗಿ ‘ಸರ್ಕಾರದ ಜೊತೆ ಸಂವಾದ’ ಎಂಬ ವಿಷಯದ ಮೇಲೆ ಮಾತಾಡಿದವರು ಸಾಕ್ಷಾತ್ ನೀವು. ‘ಅಧಿಕಾರಿಗಳೂ ಮನುಷ್ಯರೇ, ದಿನವಿಡೀ ಬೈಸಿಕೊಂಡು ಬೇಸತ್ತಿರುತ್ತಾರೆ. ವಂದನೆಯಿಂದ ಶುರುಮಾಡಿ. ಆಗಿರುವ ಒಳ್ಳೆಯದನ್ನು ಮೊದಲು ನೆನೆಯಿರಿ, ಆಮೇಲೆ ಕೇಳಿ. ಆಗ ನಮ್ಮ ಮನಸ್ಸು ತೆರೆಯುತ್ತದೆ’ ಎಂದಿರಂತೆ. ಮಕ್ಕಳು ಅದನ್ನು ಚಾಚೂ ತಪ್ಪದೆ ಬರೆದುಕೊಂಡರು. ನಮ್ಮ ಮನೆಯಲ್ಲಿ ಕನ್ನಡಕ ಅದನ್ನು ಓದಿ ಹೇಳಿದಾಗ ಅತ್ತೆ ಕೇಳಿದರು, “ಅಲ್ಲಮ್ಮ, ಇರೋದನ್ನ ಕಿತ್ಕೊಳ್ಳೋಕೆ ಬಂದವನಿಗೆ ಕೈ ಮುಗಿದು, ಇಷ್ಟು ದಿನ ಬಿಟ್ಟಿದ್ದಕ್ಕೆ ನಿಮ್ಮ ಉಪಕಾರ ಅನ್ನಬೇಕಾ?” ಕಂಬ ನಕ್ಕ. ಕನ್ನಡಕ ನಗಲಿಲ್ಲ. “ಅಜ್ಜಿ, ಇದು ಮೆಥಡ್. ಅವರೇ ಹೇಳಿಕೊಟ್ಟಿದ್ದು” ಎಂದಳು. ಅತ್ತೆಗೆ ಇಂಗ್ಲಿಷ್ ಬಾರದು, ಆದರೆ ಮೂಗಿಗೆ ತುಪ್ಪ ಸವರುವುದು ಎಂದರೇನೆಂದು ಚೆನ್ನಾಗಿ ಗೊತ್ತು.

ನಮ್ಮ ನಡುಮನೆಯಲ್ಲಿ ಎಷ್ಟು ತಾಲೀಮು ನಡೆಯಿತು ನಿಮಗೆ ಗೊತ್ತೇ? ನಮಗೆ ಕೊಟ್ಟದ್ದು ಎರಡು ನಿಮಿಷ. ಎರಡು ನಿಮಿಷದಲ್ಲಿ ವಂದನೆ, ಕತೆ, ಬೇಡಿಕೆ ಮೂರೂ ಮುಗಿಯಬೇಕು. ನಿಮ್ಮ ಪಾತ್ರಕ್ಕೆ ಅತ್ತೆಯನ್ನು ಕೂರಿಸಿದೆವು. ದಿಂಬಿಗೆ ಒರಗಿ, ಒಂದು ಕೈಯಲ್ಲಿ ನನ್ನ ಫೋನು ಹಿಡಿದು ತಿಕ್ಕುತ್ತಾ, ನಾನು ಮಗಳ ಉಸಿರಿನ ಬಗ್ಗೆ ಹೇಳುವ ಹೊತ್ತಿಗೆ ಸರಿಯಾಗಿ ಆಕಳಿಸಿ, “ಹ್ಞೂ ಹ್ಞೂ, ನೋಡೋಣ, ನೋಡೋಣ” ಎನ್ನುತ್ತಿದ್ದರು. ಮಗಳು ಬಿದ್ದು ಬಿದ್ದು ನಕ್ಕು ಕೆಮ್ಮಿದಳು. “ಅಜ್ಜಿ, ಅವರು ಹಾಗೆಲ್ಲ ಮಾಡಲ್ಲ, ತುಂಬಾ ಒಳ್ಳೆಯವರು” ಎಂದು ಕನ್ನಡಕ ನಿಮ್ಮ ಪರ ವಹಿಸಿದಳು. ಆ ಹುಡುಗಿ ನಿಮ್ಮನ್ನು ನಂಬಿದ್ದಳು, ಅಧ್ಯಕ್ಷರೇ. ಅವಳ ಪ್ರಾಯದಲ್ಲಿ ಯಾರನ್ನಾದರೂ ನಂಬಲೇಬೇಕು, ಅವಳಿಗೆ ಸಿಕ್ಕವರು ನೀವು.

ಆ ದಿನ ನಿಮ್ಮ ಸಭಾಂಗಣದಲ್ಲಿ ಚಳಿ ಹಿಡಿಸುವಷ್ಟು ಎ.ಸಿ. ಇತ್ತು. ಪ್ರತಿ ಕುರ್ಚಿಯ ಮುಂದೆ ನೀರಿನ ಬಾಟಲಿ, ಒಂದು ಪೆನ್ಸಿಲು, ಒಂದು ಬರೆಯದ ಹಾಳೆ. ನಾನು ಎದ್ದು, ಕಲಿಸಿದ ಹಾಗೆ, ‘ನಮ್ಮ ಶಾಲೆಗೆ ಇಂಥ ಒಳ್ಳೆಯ ನರ್ಸಮ್ಮನನ್ನು ಕೊಟ್ಟಿದ್ದಕ್ಕೆ ಸಮಿತಿಗೆ ತುಂಬುಹೃದಯದ ಧನ್ಯವಾದ, ನನ್ನ ಮಗಳು ಇಂದು ನಗುತ್ತಾ ಶಾಲೆಗೆ ಹೋಗುತ್ತಿದ್ದಾಳೆ’ ಎಂದೆ. ಆಮೇಲೆ ಮರದ ಪುಡಿಯ ಬಗ್ಗೆ ಹೇಳಿದೆ, ಹೊಗೆಯ ಬಗ್ಗೆ ಹೇಳಿದೆ, ಈ ಹುದ್ದೆ ಹೋದರೆ ನಮ್ಮ ಮಕ್ಕಳು ಹೋದಂತೆ ಎಂದೂ ಹೇಳಿದೆ. ನೀವು ಅತ್ತೆಯ ಹಾಗೆ ಆಕಳಿಸಲಿಲ್ಲ, ಸುಳ್ಳು ಹೇಳಬಾರದು. ತಲೆದೂಗಿದಿರಿ, ಕೊನೆಗೆ ಎದ್ದು ಬಂದು ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡಿರಿ. “ಬಹಳ ಚೆನ್ನಾಗಿ ಮಾತಾಡ್ತೀರಮ್ಮ” ಎಂದಿರಿ. ನಾನು ಹೆಮ್ಮೆಯಿಂದ ಮನೆಗೆ ಬಂದೆ.

ಮುಂದಿನದು ಊರಿಗೇ ಗೊತ್ತು. ನಿಮ್ಮ ಕಚೇರಿಯವರು ನನ್ನ ಎರಡು ನಿಮಿಷದಿಂದ ಮೊದಲ ವಾಕ್ಯವನ್ನು ಮಾತ್ರ ಕತ್ತರಿಸಿಕೊಂಡು, ಹಿಂದೆ ಕೊಳಲಿನ ಸಂಗೀತ ಸೇರಿಸಿ, ‘ಫಲಾನುಭವಿಯ ಮನದಾಳದ ಮಾತು’ ಎಂದು ವಿಡಿಯೋ ಬಿಟ್ಟರು. ಮನದಾಳ ಅಷ್ಟು ಮೇಲೆಯೇ ಸಿಗುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಅದಾದ ಮೇಲಿನ ಸಭೆಯಲ್ಲಿ, ನಮ್ಮ ಶಾಲೆಯಲ್ಲಿ ಗುರಿ ಸಾಧನೆಯಾಗಿದೆ, ಮಕ್ಕಳು ಆರೋಗ್ಯವಾಗಿದ್ದಾರೆ, ಆದ್ದರಿಂದ ಹುದ್ದೆಯ ಅಗತ್ಯವಿಲ್ಲ ಎಂದು ತೀರ್ಮಾನಿಸಿದಿರಿ. ನಿಮ್ಮ ತರ್ಕ ನನಗೆ ಅರ್ಥವಾಗಿದೆ. ಕೊಡೆ ಹಿಡಿದವಳು ನೆನೆದಿಲ್ಲ, ಆದ್ದರಿಂದ ಅವಳಿಗೆ ಕೊಡೆ ಬೇಕಿಲ್ಲ. ಹಾಗಾದರೆ ನಾನು ಏನು ಹೇಳಬೇಕಿತ್ತು? ನರ್ಸಮ್ಮನಿಂದ ಉಪಯೋಗವಿಲ್ಲ ಎಂದಿದ್ದರೆ, ಉಪಯೋಗವಿಲ್ಲದ ಹುದ್ದೆ ಎಂದು ತೆಗೆಯುತ್ತಿದ್ದಿರಿ. ಉಪಯೋಗವಾಗಿದೆ ಎಂದದ್ದಕ್ಕೆ, ಉಪಯೋಗ ಮುಗಿಯಿತು ಎಂದು ತೆಗೆದಿರಿ. ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಕೇಳಿಲ್ಲ ಎಂದು ತೆಗೆಯುತ್ತಿದ್ದಿರಿ. ನಿಮ್ಮ ಮುಂದೆ ಪ್ರಜೆಯೊಬ್ಬಳು ಹೇಳಬಹುದಾದ ಯಾವ ಮಾತು ಅವಳ ಕೊರಳಿಗೇ ಉರುಳಾಗುವುದಿಲ್ಲ, ದಯವಿಟ್ಟು ತಿಳಿಸಿ. ಮುಂದಿನ ಇಂಟರ್ನ್‌ಗಳಿಗೆ ಅದನ್ನಾದರೂ ಹೇಳಿಕೊಡಬಹುದು.

ನರ್ಸಮ್ಮ ಹೋಗುವಾಗ ಔಷಧಿಯ ಕಪಾಟಿಗೆ ಬೀಗ ಹಾಕಿದರು. ಹಾಕಲೇಬೇಕು, ಅದು ನಿಯಮ. ಬೀಗದ ಕೈಯನ್ನು ‘ಜವಾಬ್ದಾರಿಯುತ ಆರೋಗ್ಯ ಸಿಬ್ಬಂದಿ’ಗೆ ಮಾತ್ರ ಒಪ್ಪಿಸಬಹುದು. ಶಾಲೆಯಲ್ಲಿ ಅಂಥವರು ಯಾರೂ ಉಳಿದಿರಲಿಲ್ಲವಾದ್ದರಿಂದ ಅವರು ಅದನ್ನು ನಿಮ್ಮ ಕಚೇರಿಗೆ ಒಪ್ಪಿಸಿದರು. ಮಕ್ಕಳ ಇನ್ಹೇಲರುಗಳು ಶಾಲೆಯಲ್ಲಿ, ಬೀಗದ ಕೈ ಊರಿನ ಆ ತುದಿಯಲ್ಲಿ. ಮಕ್ಕಳು ತಮ್ಮ ಚೀಲದಲ್ಲಿ ಔಷಧಿ ಇಟ್ಟುಕೊಳ್ಳುವಂತಿಲ್ಲ, ಅದೂ ನಿಯಮ. ಟೀಚರುಗಳು ಔಷಧಿ ಕೊಡುವಂತಿಲ್ಲ, ಅದೂ. ಶಾಲೆಯ ದೊಡ್ಡ ಮೇಡಂ, ಅಂದರೆ ಮುಖ್ಯೋಪಾಧ್ಯಾಯಿನಿ, ನಿಮ್ಮ ಕಚೇರಿಗೆ ಫೋನು ಮಾಡಿ ಮಾಡಿ ಸೋತರು. ‘ಆದೇಶ ಬರಲಿ, ಕಳಿಸ್ತೀವಿ’ ಎಂಬುದೇ ಉತ್ತರ.

ಆದೇಶಕ್ಕಿಂತ ಮೊದಲು ಮರದ ಪುಡಿ ಬಂತು. ನಾನು ಮೈಕಿನ ಮುಂದೆ ಕೂತು ಯಾವುದೋ ಬಸ್ಸು ಯಾವುದೋ ಅಂಕಣದಿಂದ ಹೊರಡಲಿದೆ ಎಂದು ಹೇಳುತ್ತಿದ್ದೆ, ಫೋನಿನಲ್ಲಿ ದೊಡ್ಡ ಮೇಡಂ ಹೆಸರು ಕಂಡಿತು. ಅವರು ಮಾತಾಡುವ ಮೊದಲೇ ಹಿಂದಿನಿಂದ ಆ ಸದ್ದು ಕೇಳಿಸಿತು. ಅದು ಯಾರ ಉಸಿರು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅರ್ಧ ವಾಕ್ಯಕ್ಕೇ ಎದ್ದು ಓಡಿದೆ. ಮೈಕು ಆರಿಸಲಿಲ್ಲ. ನಾನು ಕುರ್ಚಿ ಒದ್ದದ್ದು, ಬಾಗಿಲು ಬಡಿದದ್ದು ನಿಲ್ದಾಣಕ್ಕೆಲ್ಲ ಕೇಳಿಸಿತಂತೆ. ನಾನು ಶಾಲೆ ಮುಟ್ಟುವಷ್ಟರಲ್ಲಿ ಜವಾನ ಗಂಟೆ ಹೊಡೆಯುವ ಸುತ್ತಿಗೆಯಿಂದ ಬೀಗ ಒಡೆದು, ಇನ್ಹೇಲರು ತೆಗೆದು ಮಗಳ ಕೈಗೆ ಕೊಟ್ಟಿದ್ದ. ಅವಳ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ನೋಡಿ ಏನೋ ಹೇಳಲು ಹೋದಳು, ಉಸಿರು ಸಾಲಲಿಲ್ಲ. ಅಂದಿನಿಂದ ಮೂರು ದಿನ ಆಸ್ಪತ್ರೆ. ನನ್ನ ಮಗಳು ಬದುಕಿದ್ದಾಳೆ. ಆ ಸುತ್ತಿಗೆಗೆ ಮತ್ತು ಆ ಕೈಗೆ ನಾನು ಸಾಯುವ ತನಕ ಋಣಿ. ನಿಮ್ಮ ಕಚೇರಿಯೂ ಆ ಕೈಯನ್ನು ಮರೆತಿಲ್ಲ. ಸರ್ಕಾರಿ ಆಸ್ತಿಗೆ ಹಾನಿ ಮಾಡಿದ್ದೇಕೆ ಎಂದು ಜವಾನನಿಗೆ ನೋಟೀಸು ಬಂದಿದೆ. ಬೀಗದ ಕೈ ಮಾತ್ರ ಇನ್ನೂ ಬಂದಿಲ್ಲ.

ಮಗಳು ಮನೆಗೆ ಬಂದ ಮೇಲೆ ಒಂದು ಸಂಜೆ ಕನ್ನಡಕ ಬಂದಳು. ಒಬ್ಬಳೇ. ಬಿಳಿ ಕೋಟು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಹೊಸ್ತಿಲ ಆಚೆಯೇ ನಿಂತು, “ಆಂಟಿ, ನನಗೆ ಎ ಪ್ಲಸ್ ಬಂತು” ಎಂದು ಅತ್ತಳು. ನಿಮ್ಮ ಕಚೇರಿಯಿಂದ ಕಾಲೇಜಿಗೆ ಮೆಚ್ಚುಗೆಯ ಪತ್ರ ಹೋಗಿತ್ತಂತೆ. ಈ ವಿದ್ಯಾರ್ಥಿಗಳು ಸರ್ಕಾರ ಮತ್ತು ಸಮುದಾಯದ ನಡುವೆ ಅತ್ಯುತ್ತಮ ಸಂವಾದ ಏರ್ಪಡಿಸಿದ್ದಾರೆ, ಇವರ ಪ್ರಯತ್ನದಿಂದ ಸಮಿತಿಗೆ ನಿರ್ಧಾರ ಕೈಗೊಳ್ಳಲು ಅನುಕೂಲವಾಯಿತು ಎಂದು. ಯಾವ ಹುದ್ದೆಯನ್ನು ಉಳಿಸಲು ಹೊರಟಿದ್ದರೋ ಅದನ್ನು ಮುಳುಗಿಸಿದ್ದಕ್ಕೆ ತರಗತಿಯಲ್ಲೇ ಹೆಚ್ಚಿನ ಅಂಕ.

“ವಾಪಸ್ ಕೊಡೋಕೆ ಹೋದೆ ಆಂಟಿ. ಅಂಕ ವಾಪಸ್ ತಗೊಳ್ಳೋ ಪದ್ಧತಿ ಇಲ್ಲ ಅಂದ್ರು ನಮ್ಮ ಕಾಲೇಜ್ ಮೇಡಂ.”

“ಅಳಬೇಡ ಬಾ ಒಳಗೆ” ಎಂದೆ.

“ನಾನು ನಿಮಗೆ ಆ ಮೊದಲನೇ ಸಾಲು ಬರೆದುಕೊಟ್ಟೆ.”

ಅತ್ತೆ ಒಳಗಿನಿಂದಲೇ ಹೇಳಿದರು, “ನೀನು ಬರ್ಕೊಟ್ಟೆ, ಇವಳು ಹೇಳಿದ್ಲು, ಅವನು ಕತ್ತರಿಸಿದ. ಕತ್ತರಿ ಯಾರ ಕೈಲಿತ್ತು ಅಂತ ನೋಡಮ್ಮ ಮೊದಲು. ಬಾ, ಕೂತ್ಕೋ.”

ಅವಳು ಬಂದು ನನ್ನ ಮಗಳ ಪಕ್ಕ ಕೂತಳು. ನನಗೆ ಆ ಹುಡುಗಿಯ ಮೇಲೆ ಸಿಟ್ಟು ಬಂದಿತ್ತು, ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿ ಕೂತಿದ್ದಾಗ ಅವಳ ‘ಮೆಥಡ್’ ನೆನೆದು ಹಲ್ಲು ಕಡಿದಿದ್ದೆ. ಆ ಸಂಜೆ ಅದು ಇಳಿಯಿತು. ಸರ್ಕಾರ ಹೇಗೆ ನಡೆಯುತ್ತದೆ ಎಂದು ಕಲಿಯಲು ಬಂದಿದ್ದಳು, ಪಾಪ, ನಿಜವಾಗಿಯೂ ಕಲಿತುಬಿಟ್ಟಿದ್ದಳು. ಕಂಬ ಇಂಟರ್ನ್‌ಶಿಪ್ ಬಿಟ್ಟು ಯಾವುದೋ ಔಷಧಿ ಕಂಪನಿಗೆ ಸೇರಿದನಂತೆ. ಇಪ್ಪತ್ತರ ಪ್ರಾಯದವರು ತಾವಾಗಿಯೇ ನಿಮ್ಮ ಬಾಗಿಲಿಗೆ ಬಂದು, ಜನರ ಆರೋಗ್ಯಕ್ಕಾಗಿ ದುಡಿಯುತ್ತೇವೆ, ದಾರಿ ತೋರಿಸಿ ಎಂದು ಕೇಳಿದರು. ನೀವು ಅವರನ್ನೇ ಮೆಟ್ಟಿಲು ಮಾಡಿಕೊಂಡಿರಿ. ಒಂದು ಹುದ್ದೆಯ ಸಂಬಳ ಉಳಿಸಿದ ಲೆಕ್ಕ ನಿಮ್ಮಲ್ಲಿರಬಹುದು, ಇನ್ನು ಮುಂದೆ ಯಾವುದಕ್ಕೂ ಕೈಯೆತ್ತದ ಆ ಮಕ್ಕಳ ಲೆಕ್ಕವನ್ನು ಯಾವ ಇಲಾಖೆಯಲ್ಲಿ ಹಾಕುತ್ತೀರಿ?

ಈಗಿನ ಸ್ಥಿತಿ ಹೇಳುತ್ತೇನೆ. ನಾನು ರಾತ್ರಿ ಪಾಳಿ ಕೇಳಿ ಪಡೆದಿದ್ದೇನೆ. ಹಗಲು ಹೊತ್ತು ಶಾಲೆಯ ಗೇಟಿನ ಹೊರಗೆ, ಕಾಂಪೌಂಡಿಗೆ ಆತುಕೊಂಡ ಕಲ್ಲುಬೆಂಚಿನ ಮೇಲೆ ಕೂರುತ್ತೇನೆ. ಚೀಲದಲ್ಲಿ ಮಗಳ ಇನ್ಹೇಲರು. ಗೇಟಿನ ಒಳಗಿದ್ದರೆ ನಿಯಮ ಮುರಿದಂತೆ, ಹೊರಗಿದ್ದರೆ ನಾನು ಬರೀ ಬೆಂಚಿನ ಮೇಲೆ ಕೂತ ಹೆಂಗಸು. ಒಂದು ವಾರ ಕಳೆದಿರಲಿಲ್ಲ, ಇನ್ನೊಬ್ಬ ತಾಯಿ ಬಂದಳು. “ಅಕ್ಕಾ, ಹೇಗೂ ಕೂತಿರ್ತೀರಲ್ಲ, ನಮ್ಮವಳದ್ದೂ ಇಟ್ಕೊಳ್ಳಿ” ಎಂದು ಒಂದು ನೀಲಿ ಡಬ್ಬಿ ಕೈಗಿಟ್ಟಳು. ತೆಗೆದು ಚೀಲಕ್ಕೆ ಹಾಕಿಕೊಂಡೆ. ಆಮೇಲೆ ಇನ್ನೊಬ್ಬಳು. ಆಮೇಲೆ ಒಬ್ಬ ಅಜ್ಜ, ಮೊಮ್ಮಗಳ ಮಾತ್ರೆ ಹಿಡಿದುಕೊಂಡು. ಈಗ ನನ್ನ ಚೀಲ ಒಂದು ಪುಟ್ಟ ಔಷಧಿ ಅಂಗಡಿ. ಮಕ್ಕಳು ಗೇಟಿನ ಸರಳುಗಳ ನಡುವಿನಿಂದ ಮುಖ ಚಾಚುತ್ತಾರೆ, ನಾನು ಹೊರಗಿನಿಂದ ಕೈ ಚಾಚುತ್ತೇನೆ.

ಮೊನ್ನೆ ಒಂದು ಪುಟ್ಟ ಹುಡುಗಿ ಕೆಮ್ಮುತ್ತಾ ಬಂದಳು. ನಾನು ರಾತ್ರಿಯಿಡೀ ಕಣ್ಣು ಮುಚ್ಚಿರಲಿಲ್ಲ. ಅವಳಿಗೆ ಬೇರೊಂದು ಮಗುವಿನ ಡಬ್ಬಿ ಕೊಟ್ಟುಬಿಟ್ಟೆ. ಅದೂ ನೀಲಿ, ಇದೂ ನೀಲಿ. ಬಾಯಿಗಿಡುವ ಹೊತ್ತಿಗೆ ಅವಳೇ ತಿರುಗಿಸಿ ನೋಡಿ, “ಇದು ನಂದಲ್ಲ ಆಂಟಿ, ನಂದರ ಮೇಲೆ ಚುಕ್ಕಿ ಇದೆ” ಎಂದಳು. ಆ ಮಗುವಿಗೆ ಆರು ವರ್ಷ. ಅವಳು ಅಷ್ಟು ಜಾಣೆಯಾಗದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ನನಗೆ ಗೊತ್ತಿಲ್ಲ. ಏನೂ ಆಗದೇ ಇರಬಹುದಿತ್ತು. ಆದರೆ ನನಗೆ ಗೊತ್ತಿಲ್ಲ, ಗೊತ್ತಿರಬೇಕಾದವಳು ನಾನಲ್ಲ. ಯಾವ ಮಗುವಿಗೆ ಯಾವುದು, ಎಷ್ಟು, ಯಾವಾಗ ಕೊಡಬಾರದು, ಇದೊಂದೂ ತಿಳಿಯದ ಬಸ್ ನಿಲ್ದಾಣದ ಹೆಂಗಸೊಬ್ಬಳು ನಿದ್ದೆಗಣ್ಣಿನಲ್ಲಿ ಊರಿನ ಮಕ್ಕಳ ಉಸಿರನ್ನು ಚೀಲದಲ್ಲಿ ಇಟ್ಟುಕೊಂಡು ಕೂತಿದ್ದಾಳೆ. ಇದು ನಿಮ್ಮ ಮರುಹೊಂದಾಣಿಕೆ. ನನಗೆ ಭಯವಾಗುತ್ತಿದೆ.

ಹಾಗಾಗಿ ನನ್ನ ಬೇಡಿಕೆಯನ್ನು ಈ ಸಲ ಬೇರೆ ರೀತಿ ಇಡುತ್ತಿದ್ದೇನೆ. ನರ್ಸಮ್ಮನನ್ನು ಕೊಡಿ ಎಂದು ಕೇಳಿ ನೋಡಿಯಾಯಿತು, ನಿಮ್ಮ ಕಚೇರಿಗೆ ಅರ್ಜಿ ಕೇಳಿಸುವುದಿಲ್ಲ, ಅಪರಾಧ ಮಾತ್ರ ಥಟ್ಟನೆ ಕಾಣುತ್ತದೆ ಎಂಬುದನ್ನು ಜವಾನನ ನೋಟೀಸಿನಿಂದ ಕಲಿತಿದ್ದೇನೆ. ಆದ್ದರಿಂದ ಇದನ್ನು ನನ್ನ ಮೇಲೆ ನಾನೇ ಕೊಡುತ್ತಿರುವ ದೂರು ಎಂದು ಸ್ವೀಕರಿಸಿ. ಯಾವ ಅರ್ಹತೆಯೂ ಇಲ್ಲದೆ, ಯಾರ ಅನುಮತಿಯೂ ಇಲ್ಲದೆ, ಸರ್ಕಾರಿ ಶಾಲೆಯ ಗೇಟಿನಲ್ಲಿ ಮಕ್ಕಳಿಗೆ ಔಷಧಿ ಕೊಡುತ್ತಿದ್ದೇನೆ. ಒಮ್ಮೆ ತಪ್ಪು ಔಷಧಿಯನ್ನೂ ಕೊಟ್ಟಿದ್ದೇನೆ. ನಾಳೆಯೂ ಕೊಡುತ್ತೇನೆ. ನನ್ನ ಮೇಲೆ ಕ್ರಮ ಜರುಗಿಸಿ. ಚೀಲ ಕಿತ್ತುಕೊಳ್ಳಿ, ಬೆಂಚಿನಿಂದ ಎಬ್ಬಿಸಿ, ಬೇಕಾದರೆ ಕೇಸು ಹಾಕಿ. ಆದರೆ ಆ ಆದೇಶದಲ್ಲಿ ಈ ಪ್ರಶ್ನೆಗೆ ಒಂದು ಸಾಲಿನ ಉತ್ತರ ಸೇರಿಸಲೇಬೇಕು: ನನ್ನನ್ನು ಎಬ್ಬಿಸಿದ ಮರುಕ್ಷಣ, ಒಂದು ಮಗು ಕೆಮ್ಮುತ್ತಾ ಆ ಗೇಟಿನ ಹತ್ತಿರ ಓಡಿಬಂದರೆ, ಅಲ್ಲಿ ಯಾರು ಇರುತ್ತಾರೆ?

ಇಂತಿ,
ನಿಮ್ಮ ಕ್ರಮಕ್ಕಾಗಿ ಶಾಲೆ ಬಿಡುವ ತನಕ ಅಲ್ಲೇ ಕೂತಿರುವ,
ಒಬ್ಬ ತಾಯಿ